ನಾಲ್ಕನೇ ಅಂತಸ್ತಿನ ಎಡ ತಿರುವು

ನಾನು ಒಂದು ಮರದ ಪೆಟ್ಟಿಗೆ. ಎರಡು ಅಂಗೈಗಳ ನಡುವೆ ಹಿಡಿಯುವಷ್ಟು ಗಾತ್ರ. ನನ್ನ ಹೊಟ್ಟೆಯೊಳಗೆ ಐದು ಹಲಗೆಗಳು ಒಂದರ ಮೇಲೊಂದು ಕೂತಿವೆ. ಒಂದೊಂದರಲ್ಲೂ ಕೊರೆದ ಕಾಲುವೆಗಳಿವೆ, ಆ ಕಾಲುವೆಗಳಲ್ಲಿ ಒಂದು ಉಕ್ಕಿನ ಗುಂಡು ಓಡಾಡುತ್ತದೆ. ನನ್ನನ್ನು ಆ ಕಡೆ ಈ ಕಡೆ ವಾಲಿಸುತ್ತ, ತೂತು ಇರುವ ಜಾಗಕ್ಕೆ ಬಂದಾಗ ಒಮ್ಮೆ ಮಗುಚಿ ಮತ್ತೆ ನೆಟ್ಟಗೆ ಮಾಡುತ್ತ, ಗುಂಡನ್ನು ತಳದಿಂದ ಒಂದೊಂದೇ ಅಂತಸ್ತು ಹತ್ತಿಸಬೇಕು. ಮೇಲೆ ಒಂದು ಗಾಜಿನ ಕಿಟಕಿಯಿದೆ. ಗುಂಡು ಅಲ್ಲಿ ಬಂದು ನಿಂತರೆ ನೀವು ಗೆದ್ದಿರಿ. ಅಲ್ಲಿಯವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಕೇಳಿಸುತ್ತದೆ ಅಷ್ಟೆ. ಇದೇನು ಮಹಾ ಎಂದುಕೊಂಡು ಬಂದವರಿಗೆ ನಾನು ಚೆನ್ನಾಗಿಯೇ ಬೆವರಿಳಿಸಿದ್ದೇನೆ. ಆ ಜಂಬ ಒಂದು ಕಾಲಕ್ಕೆ ನನಗಿತ್ತು. ಆಮೇಲೆ ನನ್ನಿಂದಾಗಿ ಒಬ್ಬ ಮನುಷ್ಯ ಸತ್ತ. ಅದನ್ನು ಮುಚ್ಚಿಟ್ಟು ಕಥೆ ಹೇಳುವುದು ನನಗೆ ಬೇಕಿಲ್ಲ.

ನಾನು ಹುಟ್ಟಿದ್ದು ಒಂದು ಚಿನ್ನದ ಗಣಿಯ ನಕ್ಷೆ ಕಚೇರಿಯಲ್ಲಿ. ನನ್ನನ್ನು ಮಾಡಿದವನು ಸೊಣ್ಣಪ್ಪ. ನೆಲದ ಕೆಳಗಿನ ಸುರಂಗಗಳ ನಕ್ಷೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಎಳೆಯುವುದು ಅವನ ಕೆಲಸ. ಕೂದಲಿನಷ್ಟು ಸಣ್ಣ ಗೆರೆಯನ್ನೂ ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಆದರೆ ಗಣಿಗೆ ಇಳಿದದ್ದು ಒಂದೇ ಸಲ. ಎದೆ ಹೊಡೆದುಕೊಂಡು ಅರ್ಧ ದಾರಿಯಲ್ಲೇ ವಾಪಸು ಬಂದಿದ್ದನಂತೆ. ಅವನ ನೆರೆಮನೆಯ ಪಿಳ್ಳಪ್ಪ ಹಾಗಲ್ಲ. ಸುರಂಗದ ಸೂರು ಕುಸಿಯದಂತೆ ಮರದ ಕಂಬ ಕೊಡುವವನು, ಇಪ್ಪತ್ತು ವರ್ಷದಿಂದ ಕೆಳಗೇ ಬದುಕಿದವನು. ಬಲಗೈ ಹೆಬ್ಬೆರಳ ತುದಿ ಕಂಬದಡಿ ಸಿಕ್ಕಿ ಹೋಗಿತ್ತು.

ಒಂದು ದಿನ ಪಿಳ್ಳಪ್ಪ ಕಚೇರಿಯ ಕಿಟಕಿಗೆ ಬಂದು ನಿಂತು ಹೇಳಿದ: "ಅಣ್ಣಾ, ಹೊಸಬ್ರಿಗೆ ದೀಪ ಆರಿದ್ರೆ ಮುಗೀತು, ಎಲ್ಲಿ ಹೋಗ್ಬೇಕು ಅಂತ ಗೊತ್ತಾಗಲ್ಲ. ದಾರಿ ಕಣ್ಣಿಗಲ್ಲ, ಕೈಗೆ ಗೊತ್ತಿರ್ಬೇಕು. ಅಂಥದ್ದೇನಾದ್ರೂ ಒಂದು ಮಾಡ್ಕೊಡು."

ಸೊಣ್ಣಪ್ಪ ತಲೆ ಕೆಡಿಸಿಕೊಂಡ. ಮೊದಲು ಒಂದೇ ಹಲಗೆಯಲ್ಲಿ ಕಾಲುವೆ ಕೊರೆದು ಗಾಜು ಮುಚ್ಚಿದ. ಪಿಳ್ಳಪ್ಪ ನೋಡಿ ನಕ್ಕ, ಗಣಿ ಅಂದರೆ ನಿಮ್ಮ ಮನೆಯ ಅಂಗಳವಲ್ಲ ಅಂದ. ಆಗ ಐದು ಹಲಗೆಗಳು ಬಂದವು, ಗಣಿಯ ಐದು ಅಂತಸ್ತಿಗೆ ಐದು, ಮೇಲಿನಿಂದ ಲೆಕ್ಕ. ಆದರೆ ಸುಮ್ಮನೆ ಅಲ್ಲಾಡಿಸಿದರೂ ಗುಂಡು ತೂತುಗಳಲ್ಲಿ ದಬದಬ ಬಿದ್ದು ತಳ ಸೇರುತ್ತಿತ್ತು. ಪ್ರತಿ ತೂತಿನ ಬಾಯಿಗೂ ಒಂದು ಸಣ್ಣ ಏರು ಬಿಟ್ಟು ಕೊರೆದ ಮೇಲೆ ಅದು ಹದಕ್ಕೆ ಬಂತು. ಹಲಗೆಗೆ ಹಳೆಯ ಕಂಬದ ತೇಗ, ಗುಂಡಿಗೆ ಸವೆದ ಗಾಲಿಯ ಬೇರಿಂಗು, ಎರಡನ್ನೂ ಪಿಳ್ಳಪ್ಪನೇ ತಂದುಕೊಟ್ಟ. ಸೊಣ್ಣಪ್ಪ ಕಾಲುವೆಗಳನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಬೆರಳಿನ ಗೆರೆಗಳನ್ನೇ ಸವೆಸಿಕೊಂಡ. ಅಷ್ಟು ಅಕ್ಕರೆಯಿಂದ ಯಾರೂ ನನ್ನನ್ನು ಮುಟ್ಟಿದ್ದಿಲ್ಲ, ಈಗಲೂ ಹೇಳುತ್ತೇನೆ.

ಕಡೆಯದಾಗಿ ಉಳಿದದ್ದು ನಾಲ್ಕನೇ ಅಂತಸ್ತು. ಅದು ಬಹಳ ಹಳೆಯದು, ಎಷ್ಟೋ ವರ್ಷದಿಂದ ಮುಚ್ಚಿತ್ತು, ಮತ್ತೆ ತೆರೆಯುವವರಿದ್ದರು. ಪಿಳ್ಳಪ್ಪನೂ ಅಲ್ಲಿ ಕಾಲಿಟ್ಟವನಲ್ಲ. ಸೊಣ್ಣಪ್ಪ ಹಳೆಯ ನಕ್ಷೆಯಿಂದ ಬರೀ ಸುರಂಗಗಳನ್ನು, ಒಂದಕ್ಷರವೂ ಇಲ್ಲದೆ, ಟ್ರೇಸಿಂಗ್ ಕಾಗದಕ್ಕೆ ಇಳಿಸಿ ಹಲಗೆಯ ಮೇಲೆ ಹಾಸಿದ. ಅಷ್ಟರಲ್ಲಿ ಸಾಹೇಬರು ಕರೆದರು, ಎದ್ದು ಹೋದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಫ್ಯಾನು ಬೆಳಗ್ಗಿನಿಂದ ಅದೇ ವೇಗದಲ್ಲಿ ತಿರುಗುತ್ತಿತ್ತು. ಮೇಜಿನ ಮೇಲಿದ್ದ ಬೇರೆ ಕಾಗದಗಳು ಒಂದೂ ಅಲ್ಲಾಡಲಿಲ್ಲ. ಅದೊಂದು ಕಾಗದ ಮಾತ್ರ ಮೆಲ್ಲಗೆ ಒಂದು ಅಂಚಿನಿಂದ ಎದ್ದಿತು, ಮಲಗಿದವರು ಮಗ್ಗುಲು ಬದಲಿಸುವ ಹಾಗೆ ಮಗುಚಿ, ಹಲಗೆಯ ಮೇಲೆ ಅಚ್ಚುಕಟ್ಟಾಗಿ ಮಲಗಿತು. ಟ್ರೇಸಿಂಗ್ ಕಾಗದಕ್ಕೆ ಒಳಹೊರಗು ಇಲ್ಲ. ಎರಡು ಕಡೆಯಿಂದಲೂ ಗೆರೆ ಒಂದೇ ತರ ಕಾಣುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಅಷ್ಟೆ.

ಸೊಣ್ಣಪ್ಪ ಬಂದವನೇ ಅದಕ್ಕೆ ಪಿನ್ನು ಚುಚ್ಚಿ, ಕೊರೆಯಲು ಕೂತ. ನನಗೆ ಬಾಯಿಲ್ಲ. ಆದರೂ ನನ್ನ ಮಟ್ಟಿಗೆ ನಾನು ಹೇಳಿದೆ. ಹಲಗೆಗಳನ್ನು ಜೋಡಿಸುವಾಗ ನಾಲ್ಕನೆಯದು ಮೂರನೆಯದಕ್ಕೆ ಹೊಂದಲಿಲ್ಲ. ಮೇಲೆ ಹತ್ತುವ ತೂತು ಮೂರನೆಯದರಲ್ಲಿ ಬಲಕ್ಕಿತ್ತು, ನಾಲ್ಕನೆಯದರ ಕಾಲುವೆ ಎಡಕ್ಕೆ ಹೋಗಿತ್ತು. ಅವನು ಒಂದು ಕ್ಷಣ ಹುಬ್ಬು ಗಂಟಿಕ್ಕಿದ. ಬೆಳಗಾದರೆ ನನ್ನನ್ನು ಎಲ್ಲರಿಗೂ ತೋರಿಸಬೇಕಿತ್ತು. ಮೂರನೆಯದರ ತೂತಿಗೆ ಒಂದು ಬಿರಡೆ ಜಡಿದು ಮುಚ್ಚಿದ, ಎಡಕ್ಕೆ ಹೊಸ ತೂತು ಕೊರೆದ. ಈಗ ಸರಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡ.

ತರಬೇತಿ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಹಾಡುಹಗಲಲ್ಲಿ ಅಲ್ಲಿ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ಹೊಸಬರು ಒಬ್ಬರಾದ ಮೇಲೊಬ್ಬರು ನನ್ನನ್ನು ಹಿಡಿದು ಕಲಿಯುತ್ತಿದ್ದರು. ಎಲ್ಲರಿಗಿಂತ ಮೊದಲು ಕಲಿತು ಅವರಿಗೆಲ್ಲ ಹೇಳಿಕೊಟ್ಟದ್ದು ಪಿಳ್ಳಪ್ಪ. ದಿನಾ ಶಿಫ್ಟಿಗೆ ಮುಂಚೆ ಬಂದು ಒಂದು ಸಲ ಗುಂಡನ್ನು ಮೇಲಕ್ಕೆ ತಂದು ಹೋಗುತ್ತಿದ್ದ. ಅವನ ಮೊಂಡು ಹೆಬ್ಬೆರಳು ನನ್ನ ಬಲ ಅಂಚನ್ನು ಒತ್ತುತ್ತಿತ್ತು. ನಾಲ್ಕನೇ ಅಂತಸ್ತಿನಲ್ಲಿ ಬಾಯಿಂದ ಒಮ್ಮೆ ಉಸಿರೆಳೆದು ನನ್ನನ್ನು ಎಡಕ್ಕೆ ವಾಲಿಸುತ್ತಿದ್ದ. ನೂರು ಸಲ, ಇನ್ನೂರು ಸಲ. ಕಲಿಸಿದ್ದು ನಾನೇ.

ನಾಲ್ಕನೇ ಅಂತಸ್ತು ತೆರೆದ ಎರಡನೇ ವಾರ. ಅವತ್ತು ಬೆಳಗ್ಗೆ ಪಿಳ್ಳಪ್ಪ ನನ್ನನ್ನು ಕೈಗೆತ್ತಿಕೊಂಡಿದ್ದ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಶಿಫ್ಟಿನ ಸೈರನ್ನು ಕೂಗಿತು. ಹಾಗೇ ಮೇಜಿನ ಮೇಲಿಟ್ಟು ಓಡಿದ. ಹನ್ನೊಂದು ಗಂಟೆಗೆ ನೆಲ ನಡುಗಿತು. ಕೆಳಗೆ ಬಂಡೆ ಸಿಡಿದಿತ್ತು. ತರಬೇತಿ ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಮೇಜು ಸಮತಟ್ಟಾಗಿತ್ತು. ಆದರೂ ನನ್ನೊಳಗೆ ಗುಂಡು ತಾನಾಗಿ ಹೊರಟಿತು. ಅವಸರವಿಲ್ಲದೆ, ನಡೆದುಕೊಂಡು ಹೋಗುವವರ ಹಾಗೆ, ಎಡಕ್ಕೆ ಹೋಗಿ ಗೋಡೆಗೆ ತಾಗಿ ನಿಂತಿತು.

ಕೆಳಗೆ ಏನಾಯಿತೆಂದು ನನಗೆ ಗೊತ್ತಾದದ್ದು ಯರ್ರಪ್ಪನ ಬಾಯಿಂದ. ಅವತ್ತು ನಾಲ್ಕನೇ ಅಂತಸ್ತಿನಲ್ಲಿ ಸಿಕ್ಕಿಕೊಂಡವರು ಅವನು ಮತ್ತು ಪಿಳ್ಳಪ್ಪ, ಇಬ್ಬರೇ. ದಿನಾ ಓಡಾಡುವ ದಾರಿ ಕುಸಿದು ಮುಚ್ಚಿತ್ತು, ದೀಪಗಳು ಆರಿದ್ದವು. ಕವಲಿನಲ್ಲಿ ನಿಂತಾಗ ಯರ್ರಪ್ಪನ ಬಲಗೆನ್ನೆಗೆ ಸಣ್ಣಗೆ ಗಾಳಿ ತಾಗಿತಂತೆ. ಬಲಕ್ಕೆ ಹೋಗೋಣ ಅಂದ. ಪಿಳ್ಳಪ್ಪ ಒಪ್ಪಲಿಲ್ಲ. 'ನನ್ನ ಕೈ ಎಡಕ್ಕೆ ಅಂತೈತೆ, ಬಾ' ಅಂದನಂತೆ. ಎಳೆದಾಡಿದರು. ಕೊನೆಗೆ ಯರ್ರಪ್ಪ ಗಾಳಿಯನ್ನು ನಂಬಿ ಹೋದ, ಏಣಿ ಸಿಕ್ಕಿತು, ಬದುಕಿದ. ಪಿಳ್ಳಪ್ಪ ಸಿಕ್ಕಿದ್ದು ಮೂರನೇ ದಿನ, ಎಡಗಡೆಯ ಸುರಂಗದ ಕೊನೆಯಲ್ಲಿ. ಆ ಸುರಂಗಕ್ಕೆ ಹೊರಹೋಗುವ ಬಾಯಿಯೇ ಇರಲಿಲ್ಲ. ಗೋಡೆಗೆ ಒರಗಿ ಕೂತಿದ್ದ. ಎರಡು ಕೈಗಳೂ ಎದೆಯ ಮುಂದೆ, ಅಂಗೈಗಳ ನಡುವೆ ಒಂದು ಪೆಟ್ಟಿಗೆಯಷ್ಟು ಜಾಗ, ಎರಡೂ ಸ್ವಲ್ಪ ಎಡಕ್ಕೆ ವಾಲಿದ್ದವು. ಎತ್ತಲು ಹೋದವರಿಗೆ ಆ ಕೈಗಳನ್ನು ಬಿಡಿಸಿ ಪಕ್ಕಕ್ಕಿಡಲು ಆಗಲಿಲ್ಲವಂತೆ. ಹಾಗೇ ಮಣ್ಣು ಮಾಡಿದರು.

ಯರ್ರಪ್ಪ ಇದನ್ನು ತರಬೇತಿ ಕೋಣೆಯಲ್ಲಿ ಕೂತು ಹೇಳುವಾಗ ಸೊಣ್ಣಪ್ಪ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಚಿಲಕ ಹಾಕಿಕೊಂಡು ಬಂದು ನನ್ನ ಸ್ಕ್ರೂಗಳನ್ನು ಬಿಚ್ಚಿದ. ನಾಲ್ಕನೇ ಹಲಗೆಯ ಪಕ್ಕದಲ್ಲಿ ಹಳೆಯ ನಕ್ಷೆ ಹಾಸಿದ. ಒಂದು ಸಲ ನೋಡಿದರೆ ಸಾಕಿತ್ತು, ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೂರನೇ ಹಲಗೆಯಲ್ಲಿ ತಾನೇ ಜಡಿದ ಬಿರಡೆಯ ಮೇಲೆ ಬೆರಳಿಟ್ಟುಕೊಂಡು ಕೂತ. ಕೆಳಗಿನಿಂದ ನನಗೆ ಅವನ ಗದ್ದ ಮಾತ್ರ ಕಾಣುತ್ತಿತ್ತು. ಮತ್ತೆ ಎಲ್ಲವನ್ನೂ ಜೋಡಿಸಿ ಸ್ಕ್ರೂ ಬಿಗಿದ. ಯಾರಿಗೂ ಬಾಯಿ ಬಿಡಲಿಲ್ಲ.

ವರದಿಯಲ್ಲಿ ಪಿಳ್ಳಪ್ಪ ಗಾಬರಿಯಿಂದ ದಾರಿ ತಪ್ಪಿದ ಎಂದು ಬರೆದರು. ಬರೆದದ್ದು ಕಡತದಲ್ಲಿ ಉಳಿಯಿತು, ಆಡಿದ್ದು ಊರಿನ ಬಾಯಲ್ಲಿ ಉಳಿಯಿತು. ಎಲ್ಲರಿಗೂ ದಾರಿ ಕಲಿಸಿದವನಿಗೇ ತನ್ನ ದಾರಿ ಗೊತ್ತಾಗಲಿಲ್ಲ ಎಂದು ನಕ್ಕರು. ಸಂತೆಯಲ್ಲಿ ಯಾರಾದರೂ ಬೀದಿ ತಪ್ಪಿದರೆ, ಲೆಕ್ಕದಲ್ಲಿ ಯಾರಾದರೂ ಎಡವಿದರೆ, 'ಏನು, ಪಿಳ್ಳಪ್ಪನ ದಾರಿ ಹಿಡಿದೆಯಾ?' ಎನ್ನುವ ಮಾತು ಹುಟ್ಟಿತು. ಅವನನ್ನು ಕಂಡೇ ಇರದ ಮಕ್ಕಳೂ ಅದನ್ನು ಆಡತೊಡಗಿದರು.

ಆ ಮಾತನ್ನು ದಿನವೂ ನಲ್ಲಿಯ ಹತ್ತಿರ ಕೇಳಿಸಿಕೊಂಡು ಬಿಂದಿಗೆ ಹೊತ್ತು ಬರುತ್ತಿದ್ದವಳು ಅಕ್ಕಯಮ್ಮ, ಪಿಳ್ಳಪ್ಪನ ಹೆಂಡತಿ. ಗಂಡನ ಬುತ್ತಿ ಡಬ್ಬಿಯ ಜೊತೆ ನನ್ನನ್ನೂ ಅವಳ ಮನೆಗೆ ಕಳಿಸಿದ್ದರು. ನನ್ನನ್ನು ಮುಟ್ಟಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ. ಸೊಣ್ಣಪ್ಪ ಒಂದು ದಿನ ಬಂದು, ಅದು ಕೆಟ್ಟಿದೆ, ಕೊಡು, ರಿಪೇರಿ ಮಾಡಿ ತರುತ್ತೇನೆ ಅಂದ. ಕೆಟ್ಟಿದ್ದರೂ ಇರಲಿ, ಅವರು ಹಿಡಿದದ್ದು ಅಂದಳು. ಅವನು ಕಾಫಿ ಕುಡಿಯದೆ ಎದ್ದು ಹೋದ.

ಅವಳು ನನ್ನನ್ನು ಮೊದಲ ಸಲ ಹಿಡಿದ ಮಧ್ಯಾಹ್ನವನ್ನು ನಾನು ಮರೆಯುವಂತಿಲ್ಲ. ಅವಳಿಗೆ ಈ ಆಟವನ್ನು ಯಾರೂ ಕಲಿಸಿರಲಿಲ್ಲ. ಆದರೆ ಗುಂಡು ಎಲ್ಲೂ ತಡವರಿಸದೆ ಐದನೆಯದರಿಂದ ಹೊರಟಿತು. ನಾಲ್ಕನೇ ಅಂತಸ್ತಿನಲ್ಲಿ ಅವಳು ಬಾಯಿಂದ ಒಮ್ಮೆ ಉಸಿರೆಳೆದು ಎಡಕ್ಕೆ ವಾಲಿಸಿದಳು. ಅವಳ ಹತ್ತೂ ಬೆರಳು ನೆಟ್ಟಗಿವೆ, ನನ್ನ ಆಣೆ. ಆದರೆ ನನ್ನ ಬಲ ಅಂಚನ್ನು ಒತ್ತುತ್ತಿದ್ದದ್ದು ಒಂದು ಮೊಂಡು ಹೆಬ್ಬೆರಳು. ನನಗೆ ಹೆದರಿಕೆಯಾಯಿತು. ಮರಕ್ಕೂ ಹೆದರಿಕೆಯಾಗುತ್ತದೆ. ಗುಂಡು ಗಾಜಿನ ಕೆಳಗೆ ಬಂದಾಗ ಅವಳೂ ಬೆಚ್ಚಿ ನನ್ನನ್ನು ಚಾಪೆಯ ಮೇಲೆ ಇಟ್ಟಳು, ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಅಂದಿನಿಂದ ಅದು ದಿನದ ಅಭ್ಯಾಸವಾಯಿತು. ಗೂಡಿನಲ್ಲಿಟ್ಟ ನನ್ನೊಳಗೆ ಗುಂಡು ತಾನಾಗಿ ಓಡಾಡುತ್ತದೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ಗಣಿಯಲ್ಲಿ ಸಿಡಿಮದ್ದು ಹಾರಿಸಿದಾಗ ಓಡಾಡುತ್ತಿದ್ದದ್ದು ನಿಜ. ಗಣಿ ಮುಚ್ಚಿದ ಮೇಲೂ ಅದು ನಿಲ್ಲಲಿಲ್ಲ.

ಗಣಿ ಮುಚ್ಚಿದ್ದು ಪಿಳ್ಳಪ್ಪ ಹೋದ ಹನ್ನೊಂದನೇ ವರ್ಷ. ಅಷ್ಟರಲ್ಲಿ ಸೊಣ್ಣಪ್ಪನ ಕಣ್ಣು ಪೂರಾ ಹೋಗಿತ್ತು. ಒಂದು ದಿನ ಅಕ್ಕಯಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋದಳು. ಅವಳಿಗೆ ಒಂದೇ ಸಂಶಯ. ತನ್ನಂಥವಳ ಕೈಗೂ ಬರುವ ಈ ದಾರಿ ತನ್ನ ಗಂಡನ ಕೈಗೆ ಹೇಗೆ ತಪ್ಪಿತು? ಮಾಡಿದವನನ್ನೇ ಕೇಳಬೇಕೆಂದು ಹೋಗಿದ್ದಳು. ನನ್ನನ್ನು ಅವನ ಕೈಗಿಟ್ಟು, ಒಂದು ಸಲ ಆಡಿ ತೋರಿಸು ಅಂದಳು.

ನನ್ನನ್ನು ಮುಟ್ಟಿದ ಕೂಡಲೇ ಅವನಿಗೆ ಗೊತ್ತಾಯಿತು, ಮುಖ ಸಪ್ಪಗಾಯಿತು. ಆದರೂ ಹಿಡಿದ. ಗುಂಡು ಐದನೆಯದನ್ನು ದಾಟಿ ನಾಲ್ಕನೆಯದಕ್ಕೆ ಬಂತು. ಅವನು ಬಲಕ್ಕೆ ವಾಲಿಸಿದ. ಗುಂಡು ಗೋಡೆಗೆ ಬಡಿಯಿತು. ಮತ್ತೆ ಬಲಕ್ಕೆ ವಾಲಿಸಿದ, ಮತ್ತೆ ಬಡಿಯಿತು.

"ಎಡಕ್ಕಣ್ಣಾ," ಅಂದಳು ಅಕ್ಕಯಮ್ಮ.

ಅವನ ಕೈ ಎಡಕ್ಕೆ ವಾಲಲೇ ಇಲ್ಲ. ವಾಲಿಸಲು ನೋಡಿದ, ನನಗೆ ಗೊತ್ತು. ಕೊನೆಗೆ ನನ್ನನ್ನು ಮಡಿಲಿಗೆ ಇಳಿಸಿದ.

"ಬಲಕ್ಕಮ್ಮಾ. ಕೆಳಗೆ ದಾರಿ ಇದ್ದಿದ್ದು ಬಲಕ್ಕೆ. ನಾನು ಇದ್ರಲ್ಲಿ ತಿರುವುಮುರುವು ಕೊರ್ದಿದ್ದೆ. ಹೊಂದದೇ ಇದ್ದಿದ್ನ ಹೊಂದಿಸ್ದೆ."

ಮಗುಚಿದ ಕಾಗದ, ಬಿರಡೆ, ಹೊಸ ತೂತು, ಚಿಲಕ ಹಾಕಿಕೊಂಡು ಕೂತದ್ದು, ಎಲ್ಲವನ್ನೂ ಅವನು ಹೇಳಿದ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಅವನ ಮಡಿಲಿನಿಂದ ಎತ್ತಿಕೊಂಡು ಕೇಳಿದಳು.

"ಹಂಗಾದ್ರೆ ನಮ್ಮವ್ರು ದಾರಿ ತಪ್ಪಲಿಲ್ಲ ಅಲ್ವಾ?"

"ಇಲ್ಲಮ್ಮಾ. ನಾನು ಹೇಳ್ಕೊಟ್ಟಂಗೇ ಹೋದ."

"ಇದನ್ನ ಹನ್ನೊಂದು ವರ್ಷ ನುಂಗ್ಕೊಂಡು ಕೂತಿದ್ದೆ ನೀನು. ಎದ್ದೇಳು. ನನಗೆ ಹೇಳಿದ್ರೆ ಸಾಲ್ದು."

ಗಣಿಯ ಗೇಟಿನೆದುರಿನ ಟೀ ಅಂಗಡಿಗೆ ಅವಳೇ ಅವನನ್ನು ಕೈಹಿಡಿದು ಕರೆದುಕೊಂಡು ಹೋದಳು. ಕೆಲಸವಿಲ್ಲದ ಗಂಡಸರೆಲ್ಲ ಅಲ್ಲೇ ಇರುತ್ತಿದ್ದರು, ಯರ್ರಪ್ಪನೂ ಇದ್ದ. ಸೊಣ್ಣಪ್ಪ ನಿಂತುಕೊಂಡೇ ಎಲ್ಲವನ್ನೂ ಮತ್ತೊಂದು ಸಲ ಹೇಳಿದ. ಟೀ ಆರಿಹೋಯಿತು. ಯರ್ರಪ್ಪ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಮುಖ ಒರೆಸಿಕೊಂಡು ಅಕ್ಕಯಮ್ಮನ ಎದುರು ಬಂದು ನಿಂತ. ಆ ದಿನದಿಂದ ಆ ಬೀದಿಗಳಲ್ಲಿ 'ಪಿಳ್ಳಪ್ಪನ ದಾರಿ' ಎನ್ನುವ ಮಾತು ನಿಧಾನವಾಗಿ ಕಡಿಮೆಯಾಗುತ್ತ ನಿಂತುಹೋಯಿತು.

ವಾಪಸು ಬರುವಾಗ ಸೊಣ್ಣಪ್ಪ ಒಂದು ಮಾತು ಹೇಳಿದ. ತನಗೆ ಕಣ್ಣಿಲ್ಲ, ಆದರೆ ಒಬ್ಬ ಬಡಗಿಯನ್ನು ಕೂರಿಸಿ ನಾಲ್ಕನೇ ಹಲಗೆಯನ್ನು ಹೊಸದಾಗಿ, ಸರಿಯಾಗಿ ಕೊರೆಸಿಕೊಡುತ್ತೇನೆ, ಅಷ್ಟಾದರೂ ಮಾಡಲು ಬಿಡು ಎಂದು ಬೇಡಿಕೊಂಡ.

ಅಕ್ಕಯಮ್ಮ ನನ್ನನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿ ಹಿಡಿದಳು. "ಬೇಡಣ್ಣಾ. ನೀನು ಸರಿ ಮಾಡ್ಬಿಟ್ರೆ ಇದ್ರಲ್ಲೂ ಅವ್ರು ಸತ್ತಂಗೆ."

ಈಗ ನನಗೆ ವಯಸ್ಸಾಗಿದೆ. ಅಂಚುಗಳನ್ನು ಹುಳು ತಿಂದಿದೆ, ಗಾಜಿಗೆ ಒಂದು ಸೀಳು ಬಿದ್ದಿದೆ. ಸೊಣ್ಣಪ್ಪ ತೀರಿಕೊಂಡು ಬಹಳ ಕಾಲವಾಯಿತು. ಗಣಿಗೆ ನೀರು ನುಗ್ಗಿ ಐದು ಅಂತಸ್ತುಗಳೂ ಮುಳುಗಿವೆಯಂತೆ, ಅಲ್ಲೀಗ ಎಡವೂ ಇಲ್ಲ, ಬಲವೂ ಇಲ್ಲ. ಆ ಗಣಿಯಲ್ಲಿ ನಡೆಯಬಹುದಾದ ದಾರಿ ಎಂದು ಉಳಿದಿರುವುದು ನನ್ನೊಳಗಿನದು ಮಾತ್ರ, ಅದೂ ತಪ್ಪಾದದ್ದು. ನಾನು ಮಾಡಿದ ಕೇಡಿಗೆ ನನಗೆ ನಾಚಿಕೆಯಿದೆ. ಆದರೂ ನನ್ನನ್ನು ತಿದ್ದದೆ ಬಿಟ್ಟರಲ್ಲ ಎಂದು ಸಮಾಧಾನವೂ ಇದೆ.

ಶಿಫ್ಟು ಬಿಡುತ್ತಿದ್ದ ಮೂರು ಗಂಟೆಯ ಹೊತ್ತಿಗೆ ಅಕ್ಕಯಮ್ಮ ನನ್ನನ್ನು ಕೈಗೆತ್ತಿಕೊಳ್ಳುತ್ತಾಳೆ. ಗುಂಡು ಎಡಕ್ಕೆ ತಿರುಗುತ್ತದೆ, ಮೂರನೆಯದಕ್ಕೆ ಹತ್ತುತ್ತದೆ, ಎರಡನೆಯದಕ್ಕೆ, ಒಂದನೆಯದಕ್ಕೆ, ಸೀಳುಬಿದ್ದ ಗಾಜಿನ ಕೆಳಗೆ ಬೆಳಕಿಗೆ ಬಂದು ನಿಲ್ಲುತ್ತದೆ.

"ಬಂದ್ರಾ?" ಅನ್ನುತ್ತಾಳೆ. ಎದ್ದು ಹೋಗಿ ಕೈಕಾಲು ತೊಳೆಯಲು ನೀರಿಡುತ್ತಾಳೆ.