ಮೂಳೆ ಹತ್ತಿರದ ಕೆಂಪು

ಆ ಹೋಟೆಲಿನ ಹಿತ್ತಲಲ್ಲಿ ಇಪ್ಪತ್ತೆರಡು ವರ್ಷದಿಂದ ಕೋಳಿ ಸುಡುತ್ತಿದ್ದವನನ್ನು ಎಲ್ಲರೂ ಕೆಂಡದಣ್ಣ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಕಟ್ಟಿಕೊಂಡವಳಿಗೂ ಆಸ್ಪತ್ರೆ ಚೀಟಿ ನೋಡಿದಾಗಷ್ಟೇ ನೆನಪಾಗುತ್ತಿತ್ತು.

ಇದ್ದಿಲ ಮೇಲೆ ಬಿಳಿ ಬೂದಿ ಕಟ್ಟುವ ತನಕ ಅವನು ಒಂದು ತುಂಡನ್ನೂ ಇಡುತ್ತಿರಲಿಲ್ಲ. ಮೂಳೆಯಿರುವ ಕಾಲು, ತೊಡೆಗಳನ್ನು ಮೊದಲು ಬದಿಯ ಸಣ್ಣ ಕಾವಿನಲ್ಲಿ ನಿಧಾನಕ್ಕೆ ಬೇಯಿಸಿ, ಕಡೆಗೆ ನಟ್ಟನಡುವಿನ ಕೆಂಡಕ್ಕೆ ತರುತ್ತಿದ್ದ. ಬೆಂದಿದೆಯೋ ಇಲ್ಲವೋ ಎಂಬ ತೀರ್ಮಾನ ಬೆರಳಿನದು. ಕಾಲಿನ ಮೂಳೆ ಹಿಡಿದು ಒಂಚೂರು ತಿರುವಿದಾಗ ಕೀಲು ಸಡಿಲವಾಗಿದ್ದರೆ ಆಯಿತು. "ಕಣ್ಣು ಹೊರಗಿನ ಕಪ್ಪು ನೋಡಿ ಮೋಸ ಹೋಗುತ್ತೆ ಕಣೇ, ಬೆರಳು ಹೋಗಲ್ಲ" ಎಂದು ಜಂಬ ಕೊಚ್ಚುತ್ತಿದ್ದ.

ಆ ಬೆರಳುಗಳಿಗೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದು ಎರಡು ವರ್ಷವಾಗಿತ್ತು. ಅವನು ಬಾಯಿ ಬಿಡಲಿಲ್ಲ, ಹೆಂಡತಿ ಕೇಳಲಿಲ್ಲ. ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದ ಅವಳು ಎಣ್ಣೆ ಹಚ್ಚುವ ನೆಪದಲ್ಲಿ ಕೋಳಿಯ ಕೀಲಿಗೆ ಕಡ್ಡಿ ಚುಚ್ಚುತ್ತಿದ್ದಳು. ರಸ ತಿಳಿಯಾಗಿ ಬಂದರೆ ಚಾಕುವಿನ ಹಿಡಿಯಿಂದ ಹಲಗೆಗೆ ಎರಡು ಸಲ ಕುಟ್ಟುತ್ತಿದ್ದಳು. ಅವನು ಮೂಳೆ ತಿರುವಿದಂತೆ ಮಾಡಿ, "ಹ್ಞೂಂ, ಆಯ್ತು" ಎಂದು ಎತ್ತುತ್ತಿದ್ದ. ಗಂಡಸಿನ ಒಣ ಜಂಬ ಕಾಯುವುದೂ ಹೆಂಡತಿಯ ಪಾಲಿಗೇ ಬಂತು ನೋಡಿ. ಆದರೆ ಆ ಕೆಲಸದಲ್ಲಿ ಅವಳಿಗೂ ಒಂದು ಸುಖವಿತ್ತು, ಸುಳ್ಳೇಕೆ ಹೇಳಬೇಕು.

ಹೋದ ವಾರ ಸುಟ್ಟ ವಾಸನೆ ಬಂತು. ಕೋಳಿಯದಲ್ಲ. ಯಾವ ತುಂಡು ಸೀಯುತ್ತಿದೆ ಎಂದು ಅವನು ಸರಳುಗಳ ಮೇಲೆಲ್ಲ ಹುಡುಕುತ್ತಿದ್ದ. ಸೀಯುತ್ತಿದ್ದುದು ಅವನದೇ ಹೆಬ್ಬೆರಳು.

ಗಾಯ ಮಾಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ಒಲೆ ಬಿಡಿ ಎಂದು ಅವಳು ಅತ್ತಳು, ಕಾಲು ಹಿಡಿದಳು. "ಒಲೆ ಬಿಡಿಸಿದ್ರೆ ನಾನು ಬದುಕಿರಲ್ಲ ಕಣೇ" ಎಂದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ದಿನದ ಮೊದಲ ತುಂಡು ಹೋಟೆಲಿನ ಯಜಮಾನಿಗೆ ಹೋಗುವುದು ಅಲ್ಲಿಯ ಪದ್ಧತಿ. ಮೂಳೆ ಹತ್ತಿರ ಕೆಂಪು ಕಂಡರೆ ಒಲೆ ಬೇರೆಯವರ ಕೈಗೆ ಎಂದು ಆಕೆ ಹಿಂದೆಯೇ ಖಡಾಖಂಡಿತವಾಗಿ ಹೇಳಿದ್ದಳು. ಇಂದು ಮಧ್ಯಾಹ್ನ ಆ ಮೊದಲ ತುಂಡಿಗೆ ಹೆಂಡತಿ ಕಡ್ಡಿ ಚುಚ್ಚಿದಳು. ರಸ ಕೆಂಪಗೆ ಬಂತು. ಅವಳು ಹಲಗೆಗೆ ಎರಡು ಸಲ ಕುಟ್ಟಿದಳು.

"ಹ್ಞೂಂ, ಆಯ್ತು" ಎಂದು ಅವನು ತುಂಡನ್ನು ಎತ್ತಿದ.

ಯಜಮಾನಿ ತಟ್ಟೆ ಹಿಡಿದು ತಾನೇ ಹಿತ್ತಲಿಗೆ ಬಂದಳು. ಕೂಗಾಡಲಿಲ್ಲ. ಸೀಳಿದ ಕಾಲನ್ನು ಅವನ ಮುಂದಿಟ್ಟು, "ಏನಣ್ಣಾ ಇದು" ಎಂದಳು.

"ತಪ್ಪು ನಂದೇ ಅಮ್ಮಾ. ಅವಳದೇನೂ ಇಲ್ಲ, ಅವಳು ಈರುಳ್ಳಿ ಹೆಚ್ಚೋಳು."

"ನಾಳೆಯಿಂದ ಒಲೆ ಹತ್ರ ಬರಬೇಡಿ" ಎಂದು ಯಜಮಾನಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಅವನು ಕೆಂಡದ ಮೇಲೆ ಬೂದಿ ಎಳೆದು ಹೆಂಡತಿಯತ್ತ ತಿರುಗಿದ. "ಹೊಗೆ ಜಾಸ್ತಿ ಇತ್ತು ಇವತ್ತು. ನಿನಗೆ ಸರಿಯಾಗಿ ಕಂಡಿರಲ್ಲ, ಅಲ್ವಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಬಾಗಿಲು ತೆರೆದೇ ಇಟ್ಟಿದ್ದ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ನಿಂತವನಿಗೆ ಒಂದೇ ದಿನ ಎರಡು ಸಲ ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಕಂಡಿತ್ತು ರೀ."

"ಕೆಂಪಗಿತ್ತಾ?"

"ಕೆಂಪಗೇ ಇತ್ತು."

ಅವನು ಬೆನ್ನು ತಿರುಗಿಸಿದ. ಇನ್ನು ಈ ಮನುಷ್ಯ ನನ್ನ ಮುಖ ನೋಡುವುದಿಲ್ಲ ಎಂದುಕೊಂಡಳು. ಅವನು ಹೋಗಲಿಲ್ಲ, ಹಾಗೇ ನಿಂತಿದ್ದ.

"ಏಪ್ರನ್ ಗಂಟು ಬಿಚ್ಚು" ಎಂದ. "ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗ್ತಿಲ್ಲ."

ಬೆನ್ನ ಹಿಂದೆ ಒಂದರ ಮೇಲೊಂದು ನಾಲ್ಕು ಗಂಟು ಬಿದ್ದಿದ್ದವು. ಬೆಳಿಗ್ಗೆ ಯಾರಿಗೂ ಕಾಣದಂತೆ ಎಷ್ಟು ಹೊತ್ತು ಒದ್ದಾಡಿದ್ದನೋ. ಅವಳು ಒಂದೊಂದನ್ನೇ ಬಿಡಿಸಿದಳು. ಒಂದು ಮಾತು ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ.