ಯಾವ ಫೈಲಾದರೂ ಸರಿ

“ಬೆಲೆ ಎಷ್ಟು ಅಂತ ಕೇಳಿದ್ದಾನೆ ನೋಡೋ! ಓದು, ಎಲ್ರಿಗೂ ಕೇಳೋ ಹಾಗೆ ಓದು!”

ಅಕ್ಕ ಮೊಬೈಲನ್ನು ತಮ್ಮನ ಮೇಜಿನ ಮೇಲೆ ಕುಕ್ಕಿದಳು. ಕಚೇರಿಯ ಕಂಪ್ಯೂಟರುಗಳ ಮುಂದೆ ತಗ್ಗಿದ್ದ ತಲೆಗಳೆಲ್ಲ ಮೇಲೆದ್ದವು. ಅವಳು ತನ್ನ ಬ್ಯೂಟಿ ಪಾರ್ಲರಿನ ಏಪ್ರನ್ ಕೂಡ ಬಿಚ್ಚದೆ ಓಡಿಬಂದಿದ್ದಳು; ಯಾರದೋ ಕೂದಲ ಚೂರುಗಳು ತೋಳಿಗೆ ಅಂಟಿಕೊಂಡೇ ಇದ್ದವು.

ಪರದೆಯ ಮೇಲಿದ್ದದ್ದು ತಮ್ಮನೇ ಕಟ್ಟಿದ ಆ್ಯಪ್, ಹಳೆ ಸಾಮಾನು ಮಾರುವವರದು. ಒಂದು ಸೈಕಲ್ಲು, ಒಂದು ಮಿಕ್ಸಿ. ಎರಡರ ನಡುವೆ ಅಕ್ಕನ ಎದೆಯ ಸ್ಕ್ಯಾನಿನ ಫೋಟೋ, ಮೂಲೆಯಲ್ಲಿ ಅವಳ ಹೆಸರಿನ ಸಮೇತ. ಅದನ್ನು ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಡಾಕ್ಟರಿಗೆ ಕಳಿಸಲೆಂದು ಶೇರ್ ಒತ್ತಿದರೆ, ತಮ್ಮನದೆಂಬ ಅಭಿಮಾನಕ್ಕೆ ಫೋನಿಗೆ ಹಾಕಿಕೊಂಡಿದ್ದ ಈ ಆ್ಯಪ್ಪೇ, ಎಲ್ಲಿಗೆ ಕಳಿಸಲಿ ಎಂದು ಕೇಳುವ ಸಾಲಿನ ಮೊದಲಲ್ಲಿ ಹಲ್ಲು ಕಿರಿದು ನಿಂತಿತ್ತು; ಬೆರಳು ಅದಕ್ಕೇ ತಗುಲಿತು. ಡಾಕ್ಟರು ಏನನ್ನುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದು ಕಾದದ್ದೇ ಬಂತು. ಇವತ್ತು ತಲೆ ತೊಳೆಸಿಕೊಳ್ಳಲು ಬಂದ ಗಿರಾಕಿಯೊಬ್ಬಳು, “ಯಾವ ಕಡೆದು, ಎಡಗಡೆದಾ?” ಎಂದು ಮೆಲ್ಲಗೆ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು.

“ನೀನೇ ಒತ್ತಿರೋದಲ್ವಾ ಅಕ್ಕ...” ತಮ್ಮ ಗೊಣಗಿದ.

“ಹೌದು ಕಣೋ, ಒತ್ತಿದೆ! ನಾನು ಡಾಕ್ಟರಿಗೆ ಕಳಿಸೋ ಹೊತ್ತಲ್ಲಿ ನಿನ್ನ ಅಂಗಡಿಗೆ ಅಲ್ಲೇನು ಕೆಲಸ? ಅದನ್ನ ಅಲ್ಲಿ ಕೂರಿಸಿದ್ದು ಯಾರು?”

ಕೂರಿಸಿದ್ದು ಅವನೇ. ಯಾವ್ಯಾವ ಬಗೆಯ ಫೈಲು ತನಗೆ ಬೇಕೆಂದು ಪ್ರತಿ ಆ್ಯಪ್ಪೂ ಫೋನಿಗೆ ಮೊದಲೇ ಹೇಳಿಡುತ್ತದೆ. ಇವನದು ಯಾವುದಾದರೂ ಸರಿ ಎಂದಿತ್ತು. ಕೈಗೆ ಬಂದದ್ದೇ ತಡ, ಹಿಂದೆ ಮುಂದೆ ಕೇಳದೆ ಮಾರಾಟಕ್ಕಿಟ್ಟುಬಿಡುತ್ತಿತ್ತು. ಹೆಚ್ಚು ಕಡೆ ಕಂಡಷ್ಟೂ ಹೆಚ್ಚು ಜನ ಬರುತ್ತಾರೆ ಎಂದಿದ್ದ ಮಾಲೀಕ. ಇವನು ಕೋಲೆಬಸವನ ಹಾಗೆ ತಲೆಯಾಡಿಸಿದ್ದ.

ಗದ್ದಲ ಕೇಳಿ ಮಾಲೀಕನೇ ಹೊರಗೆ ಬಂದ. ಪರದೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

“ಸಮಾಧಾನ ಮಾಡ್ಕೊಳ್ಳಿ ಮೇಡಂ. ಕಾಗದಪತ್ರ, ಹಾಡು ಗೀಡು ಎಲ್ಲಾ ತಗೊಳ್ಳೋದನ್ನ ಇವತ್ತೇ ನಿಲ್ಲಿಸ್ತೀನಿ. ಇನ್ಮೇಲೆ ಬರೀ ಫೋಟೋ ಮಾತ್ರ ತಗೊಳ್ಳತ್ತೆ. ಆಯ್ತಲ್ಲ?”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಆದರೆ ಅವಳು ತಿರುಗಿದ್ದು ತಮ್ಮನ ಕಡೆಗೆ.

“ನೀನು ನೋಡಿದೀಯಲ್ಲ, ನೀನೇ ಹೇಳು ಅವರಿಗೆ. ನಾನು ಕಳಿಸಿದ್ದೇನು, ಹಾಡಾ, ಫೋಟೋನಾ?”

ತಮ್ಮ ಸಂಬಳ ಕೊಡುವವನ ಮುಖ ನೋಡಿದ. ಕಂಕುಳಲ್ಲಿ ಎತ್ತಿ ಬೆಳೆಸಿದವಳ ಮುಖ ನೋಡಲಾರದೆ ಮೊಬೈಲಿನತ್ತ ಕೈ ಚಾಚಿ, ಅಳಿಸುವ ಗುಂಡಿ ಒತ್ತಿದ. ಸೈಕಲ್ಲು ಮಿಕ್ಸಿಯ ಪಕ್ಕಕ್ಕೆ ಸರಿದು ಕೂತಿತು.

“ಹೋಯ್ತು ಅಕ್ಕ,” ಎಂದ.

ಅವಳು ಮೊಬೈಲನ್ನು ಎತ್ತಿಕೊಳ್ಳುವಷ್ಟರಲ್ಲಿ ಅದು ಅಂಗೈಯಲ್ಲೇ ಗುಂಯ್ ಎಂದಿತು. ಇನ್ಯಾರೋ ಬರೆದಿದ್ದರು: ‘ಈಗ ಕಾಣ್ತಿಲ್ಲ. ಮಾರಿಹೋಯ್ತಾ?’