ಆವರಣದೊಳಗಿನ ‘ಪ್ರ’

ನನ್ನ ಹೆಸರು ಉಗ್ರಪ್ಪ. ಹೆಸರಿಗೆ ತಕ್ಕ ಕೋಪವೂ ಇದೆ, ಮುಚ್ಚಿಡುವುದೇನು. ಹೊಳಲ್ಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಆ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಆದ್ದರಿಂದ ಮೊನ್ನೆ ಚಿತ್ರದುರ್ಗದ ಲೈಬ್ರರಿಯಲ್ಲಿ ನಾನು ಕೂಗಾಡಿದೆ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ.

ನನ್ನ ಹೆಂಡತಿ ಯಮುನಾ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಹೆಸರು ಹೇಳಿದರೆ ಬಾಯಿ ಕಹಿಯಾಗುತ್ತದೆ. ಹಿರಿಯೂರು, ಹೊಸದುರ್ಗದ ಶಾಖೆಗಳೂ ಅವಳ ಕೈಕೆಳಗೇ ಇದ್ದವು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಊರೆಲ್ಲ ಉಂಡ ಮೇಲೆ ಬರುತ್ತಿದ್ದಳು. ಮಗಳು ಸುಪ್ರಿಯಾಳಿಗೆ ಜಡೆ ಹಾಕುವುದನ್ನು ಕಲಿತವನು ನಾನು, ಮುದ್ದೆ ತಿರುವಿದವನೂ ನಾನೇ. ಹೋದ ಮಳೆಗಾಲದಲ್ಲಿ ಹೊಟ್ಟೆನೋವೆಂದು ಮಲಗಿದ ಯಮುನಾ ಮತ್ತೆ ಏಳಲಿಲ್ಲ. ನಿವೃತ್ತಿಗೆ ಮೊದಲೇ ಹೋದಳು.

ಹೋದ ವಾರ ಅಲ್ಲಿನ ಅಟೆಂಡರ್ ಜಂಪಣ್ಣ ಫೋನ್ ಮಾಡಿದ.

“ಅಣ್ಣಾ, ಲೈಬ್ರರಿ ನಡೆಸಿದೋರ ಫೋಟೋನೆಲ್ಲ ಸಾಲಾಗಿ ಗೋಡೆಗೆ ಹಾಕ್ತಿದಾರೆ. ಆಡಳಿತದ ಹಳೇ ಫೈಲ್ ತೆಗ್ದು ಯಾವಾಗ ಯಾರಿದ್ರು ಅಂತ ನೋಡ್ತಿದಾರೆ. ಅಕ್ಕಾರದೊಂದು ಫೋಟೋ ತಗಂಡು ಬರ್ರಿ.”

ಅವಳು ಹೋದ ಮೇಲೆ ನನಗೆ ಖುಷಿಯಾಗಿದ್ದು ಅದೊಂದೇ ದಿನ. ಸ್ಟುಡಿಯೋಗೆ ಓಡಿ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ನನ್ನ ತಾಯಿ ಓಬವ್ವನಿಗೆ ಕಣ್ಣು ಅಷ್ಟು ಕಾಣುವುದಿಲ್ಲ. ಆದರೂ ಗಾಜನ್ನು ಸೆರಗಿನಿಂದ ಒರೆಸಿ ಹೇಳಿದಳು: “ಕೆಳಗಡೆ ಪ್ರಧಾನ ಅಂತ ದಪ್ಪಕ್ಷರದಾಗೆ ಬರ್ಸಪ್ಪ. ಮರೀಬ್ಯಾಡ.”

ಆ ‘ಪ್ರಧಾನ’ ನಾನೇ ಕಂಡುಹಿಡಿದದ್ದು. ಮೊದಲ ಸಲ ಅವಳ ಆಫೀಸಿಗೆ ಹೋದಾಗ ಮೇಜಿನ ಮೇಲಿನ ಹಲಗೆ ನೋಡಿದ್ದೆ. ‘ಯಮುನಾ, ಗ್ರಂಥಪಾಲಕರು’ ಎಂದು ಬರೆದು, ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ‘ಪ್ರ’ ಎಂದು ಹಾಕಿದ್ದರು. ಸ್ಕೂಲಿನಲ್ಲಿ ಪ್ರಧಾನ ಗುರುಗಳಿರುತ್ತಾರೆ, ಕೋರ್ಟಿನಲ್ಲಿ ಪ್ರಧಾನ ನ್ಯಾಯಾಧೀಶರಿರುತ್ತಾರೆ. ಲೈಬ್ರರಿಯಲ್ಲಿ ಇನ್ನೇನಿರುತ್ತದೆ? ಗಿರಣಿಗೆ ಬಂದವರಿಗೆಲ್ಲ ಸಾರಿದೆ. ಸುಪ್ರಿಯಾಳ ಮದುವೆ ಕಾರ್ಡಿನಲ್ಲೂ ‘ಪ್ರಧಾನ ಗ್ರಂಥಪಾಲಕರು’ ಎಂದು ಅಚ್ಚು ಹಾಕಿಸಿದೆ. ಅದನ್ನು ನೋಡಿ ಯಮುನಾ ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಂಡಳು. ಹೆಮ್ಮೆಗೆ ನಗುತ್ತಿದ್ದಾಳೆ ಅಂದುಕೊಂಡೆ. ಆದರೆ ಆಫೀಸಿಗೆ ಒಂದೇ ಒಂದು ಕಾರ್ಡನ್ನೂ ಒಯ್ಯಲಿಲ್ಲ. “ಅಲ್ಲಿಯೋರ್ನ ಬಾಯಲ್ಲೇ ಕರೀತೀನಿ ಬಿಡ್ರಿ,” ಅಂದಳು.

ಲೈಬ್ರರಿಯಲ್ಲಿ ಈಗ ಸುಷ್ಮಿತಾ ಇದ್ದಾಳೆ. ಯಮುನಾ ಕೈಹಿಡಿದು ಕೆಲಸ ಕಲಿಸಿದ ಹುಡುಗಿ. ನಾನು ಹೋದಾಗ ಅವಳ ಮೇಜಿನ ಮೇಲೆಲ್ಲ ಫೈಲುಗಳು ಹರಡಿದ್ದವು.

“ಬರ್ರಿ ಭಾವ, ಕುಂತ್ಕಳ್ರಿ,” ಅಂದಳು. ಫೋಟೋ ಚಾಚಿದೆ. ಅವಳು ಕೈ ಮುಂದೆ ತರಲಿಲ್ಲ.

“ಜಂಪಣ್ಣ ನನ್ನ ಕೇಳ್ದೆ ಫೋನ್ ಮಾಡ್ಬಿಟ್ಟಿದಾನೆ, ಭಾವ. ಖಾಯಂ ಆಗಿದ್ದೋರ ಫೋಟೋ ಮಾತ್ರ ಹಾಕ್ಬೇಕು ಅಂತ ಮೇಲಿಂದ ಆರ್ಡರ್ ಐತೆ. ಅಕ್ಕ ಪ್ರಭಾರ ಇದ್ರಲ್ಲ.”

“ಪ್ರಭಾರ ಅಂದ್ರೆ?”

ಅವಳು ನನ್ನ ಮುಖವನ್ನೇ ನೋಡಿದಳು. “ನಿಮಗೆ ಗೊತ್ತಿರ್ಲಿಲ್ವಾ? ಇನ್‌ಚಾರ್ಜ್, ಭಾವ. ಖಾಯಂ ಗ್ರಂಥಪಾಲಕರು ಬರೋತಂಕ ನೋಡ್ಕಳೋರು.”

“ಅವ್ರು ಯಾವಾಗ ಬಂದ್ರು?”

“ಬರ್ಲೇ ಇಲ್ಲ.” ಅವಳ ದನಿ ಇಳಿಯಿತು. “ಅಕ್ಕ ಹೋದ್ಮೇಲೆ ಹುದ್ದೆ ತುಂಬಿದ್ರು. ನಾನು ಬಂದೆ.”

ಆ ಆವರಣದೊಳಗಿನ ‘ಪ್ರ’ ಅಷ್ಟು ವರ್ಷ ನನ್ನನ್ನು ಆಡಿಸಿತ್ತು. ಆಡಿಸಿದ್ದು ಅದಲ್ಲ, ನಾನೇ ಕುಣಿದಿದ್ದೆ. ಯಮುನಾ ನನ್ನ ಖುಷಿ ಕೆಡಿಸಲಾರದೆ ಸುಮ್ಮನಿದ್ದಳು.

ಗೋಡೆಗೆ ಹಾಕಲು ಸಿದ್ಧವಾಗಿದ್ದ ಬೋರ್ಡು ಮೂಲೆಯಲ್ಲಿ ಒರಗಿತ್ತು. ಮೇಲಿಂದ ಕೆಳಗೆ ಹೆಸರು, ಮುಂದೆ ಇಸವಿ. ಯಮುನಾಳ ವರ್ಷಗಳನ್ನು ಹುಡುಕಿದೆ. ಆ ವರ್ಷಗಳೆಲ್ಲ ಇದ್ದವು. ಹೆಸರಿನ ಜಾಗದಲ್ಲಿ ‘ಹುದ್ದೆ ಖಾಲಿ’ ಎಂದು ಬರೆದಿದ್ದರು.

ಆಗ ಕೂಗಿದೆ. ಓದುತ್ತಿದ್ದ ಹುಡುಗರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

“ಯಾವುದಮ್ಮ ಖಾಲಿ? ಈ ಕುರ್ಚಿನಾ? ಜ್ವರ ಬಂದ್ರೂ ಬಂದು ಕುಂತ್ಕಂತಿದ್ಲಲ್ಲ ಇದರಾಗೆ. ಮಗಳು ಮೈನೆರೆದ ದಿನ ಹಿರಿಯೂರು ಶಾಖೆಯಾಗೆ ಪುಸ್ತಕ ಎಣಿಸ್ತಿದ್ಲು. ಆ ವರ್ಷಗಳಾಗೆ ಖಾಲಿ ಇದ್ದದ್ದು ನನ್ನ ಮನೆ ಕಣಮ್ಮ. ನಿಮ್ಮ ಕುರ್ಚಿ ಅಲ್ಲ.”

ಸುಷ್ಮಿತಾ ಅಳತೊಡಗಿದಳು. ಅವಳ ತಪ್ಪೇನಿಲ್ಲ ಎಂದು ನನಗೂ ಗೊತ್ತು. ಬಾಗಿಲ ಬಳಿ ನಿಂತಿದ್ದ ಜಂಪಣ್ಣ ತಲೆ ತಗ್ಗಿಸಿದ. ಅವನ ಪಾಲಿಗೆ ಲೈಬ್ರರಿ ನಡೆಸಿದವರೆಂದರೆ ನಡೆಸಿದವರು, ಅಷ್ಟೇ. ಆರ್ಡರು ಮಾಡಿದವರಿಗೆ ಅಷ್ಟೂ ತಿಳಿದಿರಲಿಲ್ಲ.

“ಫೋಟೋ ಕೊಡ್ರಿ ಭಾವ, ನನ್ನ ರೂಮ್‌ನಾಗೆ ಹಾಕ್ತೀನಿ,” ಅಂದಳು ಸುಷ್ಮಿತಾ.

ಮನಸ್ಸಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೈ ಬಿಡಲಿಲ್ಲ. “ಬ್ಯಾಡಮ್ಮ. ನಾಳೆ ನಿನ್ನ ಜಾಗಕ್ಕೆ ಇನ್ನೊಬ್ರು ಬಂದ್ರೆ ಇಳಿಸ್ತಾರೆ. ಗೋಡೆ ಮೇಲೂ ಅವಳನ್ನ ಪ್ರಭಾರ ಮಾಡ್ಬ್ಯಾಡ.”

ಬಸ್ಸಿನಲ್ಲಿ ಫೋಟೋವನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ಕೂತೆ. ಅವಳ ಮುಖ ನೋಡುವ ಶಕ್ತಿ ಇರಲಿಲ್ಲ. ಇಷ್ಟು ದೊಡ್ಡ ಸಂಕಟವನ್ನು ಅವಳು ಒಬ್ಬಳೇ ದಿನಾ ಇದೇ ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳಲ್ಲ. ಒಂದು ಮಾತು ಹೇಳಿದ್ದರೆ ನಾನೂ ಹೊರುತ್ತಿದ್ದೆ.

ಮನೆಗೆ ಬಂದು ಫೋಟೋವನ್ನು ಗಿರಣಿಯ ಚೀಲಗಳ ಹಿಂದೆ ಇಟ್ಟೆ. ಜಗಲಿಯ ಮೇಲಿದ್ದ ಅವ್ವನಿಗೆ ನನ್ನ ಹೆಜ್ಜೆ ಗೊತ್ತಾಯಿತು.

“ಹಾಕಿದ್ರೇನಪ್ಪ, ನಮ್ಮ ಯಮುನನ ಪಟ?”

“ಹಾಕಿದ್ರು ಕಣವ್ವ. ನಟ್ಟನಡುವೆ.”

“ಕೆಳಗೆ ಪ್ರಧಾನ ಅಂತ ಬರ್ದಿದಾರಾ?”

“ಬರ್ದಿದಾರೆ. ದಪ್ಪಕ್ಷರದಾಗೆ.”

ಹೇಳುತ್ತಿದ್ದಂತೆಯೇ ನಗು ಬಂತು. ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡೆ.

ಅವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಆಮೇಲೆ ಅಂದಳು: “ಅವಳೂ ಹಿಂಗೇ ನಗ್ತಿದ್ಲು ನೋಡು, ನೀನು ಪ್ರಧಾನ ಅಂದಾಗೆಲ್ಲ.”